ಬಾಸ್ಟನ್ನಲ್ಲಿ ಭಾನುವಾರ ಚರ್ಚಲ್ಲಿ ಬಾಖ್ ಸಂಗೀತ, ಅಪ್ಪ ಅಮ್ಮನ್ನ ಕರ್ಕೊಂಡ್ ಹೋಗ್ಬಹುದಾ?

ಶಿವಮೊಗ್ಗ_ಟು_ಕ್ವಿನ್ಸಿ:
ಎಲ್ರಿಗೂ ನಮಸ್ಕಾರ. ಅಪ್ಪ ಅಮ್ಮ ಊರಿಂದ ಬಂದಿದಾರೆ, ನವೆಂಬರ್ ತನಕ ಇರ್ತಾರೆ. ಅಮ್ಮ ಸೀನಿಯರ್ ಪರೀಕ್ಷೆವರೆಗೂ ಸಂಗೀತ ಕಲಿತೋರು, ಇಲ್ಲಿ ನಾವಿಬ್ರೂ ಆಫೀಸಿಗೆ ಹೋದ್ಮೇಲೆ ಯೂಟ್ಯೂಬೇ ಗತಿ. ನ್ಯೂಬರಿ ಸ್ಟ್ರೀಟಲ್ಲಿರೋ ಇಮ್ಯಾನುಯೆಲ್ ಚರ್ಚಲ್ಲಿ ಭಾನುವಾರದ ಪ್ರಾರ್ಥನೆ ಜೊತೆಗೇ ಆರ್ಕೆಸ್ಟ್ರಾ ಇಟ್ಕೊಂಡು ಬಾಖ್ (ಸುಮಾರು ಮುನ್ನೂರು ವರ್ಷದ ಹಿಂದಿನ ಜರ್ಮನ್ ಸಂಗೀತಗಾರ) ಹಾಡ್ತಾರೆ, ಟಿಕೆಟ್ ಇಲ್ಲ ಅಂತ ಆಫೀಸಲ್ಲಿ ಒಬ್ರು ಹೇಳಿದ್ರು. ಯಾರಾದ್ರೂ ಹೋಗಿದೀರಾ? ನಾವು ಕ್ರಿಶ್ಚಿಯನ್ ಅಲ್ಲ, ಒಳಗೆ ಕೂತ್ರೆ ಏನಾದ್ರೂ ಅಂದ್ಕೋತಾರಾ? ಪ್ರಸಾದ ಕೊಟ್ಟಾಗ ಏನ್ ಮಾಡ್ಬೇಕು?

ಕಾಫಿಪುಡಿ:
ಧಾರಾಳವಾಗಿ ಹೋಗಿ. ನಾನು ಏಳೆಂಟು ಸಲ ಹೋಗಿದೀನಿ. ಹಾಡೋದು ಇಮ್ಯಾನುಯೆಲ್ ಮ್ಯೂಸಿಕ್ ಅಂತ ಲಾಭಕ್ಕಲ್ಲದ ಸಂಸ್ಥೆ, 1970ರಲ್ಲಿ ಕ್ರೇಗ್ ಸ್ಮಿತ್ ಅನ್ನೋರು ಶುರು ಮಾಡಿದ್ದು, ಬಾಖ್‌ನ ಚರ್ಚ್ ಕಾಂಟಾಟಾಗಳು (ಗಾಯಕರು, ವಾದ್ಯ ಎಲ್ಲ ಸೇರಿ ಹಾಡೋ ದೇವರ ಹಾಡಿನ ಸರಣಿ) ಸುಮಾರು 200 ಉಳಿದಿವೆಯಲ್ಲ ಅಷ್ಟನ್ನೂ ಕಛೇರಿಲಿ ಅಲ್ಲ ಪ್ರಾರ್ಥನೆ ಮಧ್ಯದಲ್ಲೇ ಹಾಡ್ಬೇಕು ಅನ್ನೋದು ಅವರ ಹಠ. ಸ್ಮಿತ್ 2007ರಲ್ಲಿ ತೀರ್ಕೊಂಡ್ರು, ಕೆಲಸ ನಿಂತಿಲ್ಲ. ದೇಣಿಗೆ ಮತ್ತೆ ಬೇರೆ ಟಿಕೆಟ್ ಕಛೇರಿಗಳಿಂದ ನಡೀತದೆ. ತಟ್ಟೆ ಬಂದಾಗ ಮನಸ್ಸಿದ್ರೆ ಹಾಕಿ, ಇಲ್ದಿದ್ರೆ ಪಕ್ಕಕ್ಕೆ ದಾಟ್ಸಿ, ಯಾರೂ ನೋಡಲ್ಲ.

ನಂಗೆ ಇಷ್ಟ ಆಗೋದು ಒಂದೇ, ಅಲ್ಲಿ ಸ್ಟಾರ್ ಗಾಯಕರು ಅಂತ ಬೇರೆ ಇಲ್ಲ. ಗುಂಪಲ್ಲಿ ಹಾಡ್ತಿದ್ದೋರಲ್ಲೇ ಒಬ್ರು ಫೈಲ್ ಹಿಡ್ಕೊಂಡು ಎರಡು ಹೆಜ್ಜೆ ಮುಂದೆ ಬರ್ತಾರೆ, ಓಬೋ (ಶಹನಾಯಿ ಥರ ಊದೋ ವಾದ್ಯ) ಅವರ ಜೊತೆ ನಮ್ ಪಿಟೀಲಿನೋರ ಥರ ಹಿಂದೆ ಹಿಂದೆನೇ ಹೋಗ್ತದೆ, ಮುಗೀತು ಅಂದ್ರೆ ವಾಪಸ್ ಸಾಲಿಗೆ. ಲೊರೇನ್ ಹಂಟ್ ಲೀಬರ್ಸನ್ ಅಂಥ ಹೆಸರುವಾಸಿ ಗಾಯಕಿನೂ ಇದೇ ಗುಂಪಲ್ಲಿ ಹಾಡ್ತಿದ್ದೋರು. ಭಾಷೆ ಜರ್ಮನ್, ಆದ್ರೆ ಕೈಗೆ ಕೊಡೋ ಹಾಳೇಲಿ ಇಂಗ್ಲಿಷ್ ಅರ್ಥ ಇರ್ತದೆ.

ಸುಮ್ನೆ_ಕೇಳ್ದೆ:
ಸಂಗೀತಕ್ಕೋಸ್ಕರ ಗಂಟೆಗಟ್ಲೆ ಪ್ರವಚನ ಕೇಳ್ಬೇಕಾ? ಸಿಂಫನಿ ಹಾಲ್‌ಗೆ ಟಿಕೆಟ್ ತಗೊಂಡ್ರೆ ಸೀಟೂ ಮೆತ್ತಗಿರತ್ತೆ, ಕಾಂಟಾಟಾ ಇಪ್ಪತ್ ನಿಮಿಷ ಅಷ್ಟೇ ಕಣ್ರಿ.

ಕಾಫಿಪುಡಿ:
@ಸುಮ್ನೆ_ಕೇಳ್ದೆ ಅದು ಪ್ರವಚನದ ಜೊತೆಗೇ ಅಂತಾನೇ ಬರೆದಿದ್ದು ಮಾರಾಯ್ರೆ! 1723ರಲ್ಲಿ ಲೈಪ್ಜಿಗ್‌ಗೆ ಬಂದ್ಮೇಲೆ ಬಾಖ್ ಮೊದಮೊದಲು ಹೆಚ್ಚುಕಮ್ಮಿ ವಾರಕ್ಕೊಂದು ಕಾಂಟಾಟಾ ಬರೀತಿದ್ದ, ಆ ವಾರ ಬೈಬಲಲ್ಲಿ ಯಾವ ಭಾಗ ಓದ್ತಾರೋ ಅದಕ್ಕೆ ತಕ್ಕ ಹಾಗೆ. 140ನೇ ಕಾಂಟಾಟಾ ಟ್ರಿನಿಟಿ (ಈಸ್ಟರ್ ಆಗಿ ಎಂಟು ವಾರಕ್ಕೆ ಬರೋ ಹಬ್ಬ) ಆದ್ಮೇಲಿನ 27ನೇ ಭಾನುವಾರಕ್ಕೆ ಅಂತ ಬರೆದದ್ದು, ಈಸ್ಟರ್ ತೀರಾ ಬೇಗ ಬಂದ ವರ್ಷ ಮಾತ್ರ ಆ ಭಾನುವಾರ ಸಿಗೋದು. ಜೋಗುಳದ ಹಾಡನ್ನ ತೊಟ್ಲ ಮುಂದೆ ಕೇಳೋದಕ್ಕೂ ಸ್ಟೇಜ್ ಮೇಲೆ ಕೇಳೋದಕ್ಕೂ ವ್ಯತ್ಯಾಸ ಇಲ್ವಾ?

ಮೈಸೂರ್_ಮಲ್ಲಿಗೆ:
ಪ್ರಸಾದದ ವಿಷಯ: ಎಪಿಸ್ಕೋಪಲ್ (ಆಂಗ್ಲಿಕನ್ ಪಂಗಡದ) ಚರ್ಚ್ ಅದು, ರೊಟ್ಟಿ ವೈನ್ ಕೊಡೋ ಕಮ್ಯುನಿಯನ್‌ಗೆ ಎದ್ದು ಹೋಗ್ದೆ ಕೂತಲ್ಲೇ ಕೂತಿರಬಹುದು. ಹೋಗೋದಾದ್ರೆ ಎದೆ ಮೇಲೆ ಕೈ ಅಡ್ಡ ಕಟ್ಕೊಂಡ್ರೆ ಆಶೀರ್ವಾದ ಮಾತ್ರ ಮಾಡ್ತಾರೆ. ಎಲ್ರೂ ಎದ್ದಾಗ ಏಳಿ, ಕೂತಾಗ ಕೂರಿ. ಅರಿಯಾ (ಒಬ್ರೇ ಹಾಡೋ ಹಾಡು) ಮುಗಿದ ತಕ್ಷಣ ಚಪ್ಪಾಳೆ ತಟ್ಬೇಡಿ, ನಮ್ಮೆಜಮಾನ್ರು ತಟ್ಟಿ ನಾನು ತಲೆ ಬಗ್ಗಿಸ್ಕೊಂಡು ಕೂತಿದ್ದೆ 😅 ಪಕ್ಕದ ಲಿಂಡ್ಸೆ ಚಾಪೆಲ್ ತೆಗೆದಿದ್ರೆ ನೋಡಿ, 1915ರಲ್ಲಿ ಲೂಸಿಟಾನಿಯಾ ಹಡಗು ಮುಳುಗಿದಾಗ ಸತ್ತ ಹೊಸ ಮದುಮಗಳ ನೆನಪಿಗೆ ಅಪ್ಪ ಕಟ್ಸಿದ್ದು.

ಆಂಟಿಗೆ ಇದನ್ನೂ ಹೇಳಿ, ನಮ್ಮ ಜಯಚಾಮರಾಜ ಒಡೆಯರ್ ಅವರೂ ಪಾಶ್ಚಾತ್ಯ ಸಂಗೀತಕ್ಕೆ ಮರುಳಾಗಿದ್ದೋರೇ, ಮೆಟ್ನರ್ ಅನ್ನೋ ರಷ್ಯನ್ ಸಂಗೀತಗಾರರ ರೆಕಾರ್ಡಿಂಗಿಗೆ ದುಡ್ಡು ಕೊಟ್ಟಿದ್ರು.

ಶಿವಮೊಗ್ಗ_ಟು_ಕ್ವಿನ್ಸಿ:
ತುಂಬಾ ಥ್ಯಾಂಕ್ಸ್. ಅಮ್ಮಂಗೆ ಮಹಾರಾಜ್ರ ಹೆಸರು ಹೇಳಿದ್ದೇ ತಡ ಸೀರೆ ತೆಗೆದಿಟ್ಟಾಯ್ತು. ಚಪ್ಪಲಿ ಎಲ್ಲಿ ಬಿಡೋದು ಅಂತ ಕೇಳ್ತಿದಾರೆ.

ಮೈಸೂರ್_ಮಲ್ಲಿಗೆ:
ಹಾಕ್ಕೊಂಡೇ ಒಳಗೆ ಹೋಗ್ಬಹುದು. ಸ್ವೆಟರ್ ಮರೀಬೇಡಿ, ಕಲ್ಲಿನ ಕಟ್ಟಡ. ಮೆಟ್ರೋದ ಗ್ರೀನ್ ಲೈನ್‌ನಲ್ಲಿ ಅರ್ಲಿಂಗ್ಟನ್ ಸ್ಟಾಪಿಗೆ ಇಳೀರಿ, ಅಲ್ಲಿ ಪಾರ್ಕಿಂಗ್ ಕೇಳ್ಲೇಬೇಡಿ.