ಕಲ್ಲಿದ್ದಲು 400 ಡಾಲರ್, ಕೋಲ್ ಇಂಡಿಯಾ ಶೇರು ಯಾಕೆ ಇನ್ನೂ 190? (ಮಾರ್ಚ್ 2022)

ಶಿರಾ ಶೇರುದಾರ: ರಷ್ಯಾ-ಉಕ್ರೇನ್ ಯುದ್ಧ ಶುರುವಾಗಿದ್ದೇ ತಡ, ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ಬಂದರಿನ ಕಲ್ಲಿದ್ದಲು ಟನ್ನಿಗೆ 400 ಡಾಲರ್ ದಾಟ್ತು. ಇಷ್ಟು ದೊಡ್ಡ ಗಣಿ ಕಂಪನಿ ನಮ್ಮಲ್ಲೇ ಇದೆ, ಶೇರು ಮಾತ್ರ 190ರ ಆಸುಪಾಸಲ್ಲಿ ತೂಕಡಿಸ್ತಿದೆ. ಎಫ್‌ಡಿ ಮುರಿದು ಹಾಕೋಣ ಅಂತಿದೀನಿ, ಬೈಯೋರು ಈಗ್ಲೇ ಬೈದ್ಬಿಡಿ.

ಲೆಕ್ಕದ ಮೇಷ್ಟ್ರು: ಆ 400 ಡಾಲರ್ ಇವರ ಕೈಗೆ ಬರಲ್ಲ ಮಾರಾಯ. ಅಗೆದಿದ್ರಲ್ಲಿ ಹೆಚ್ಚುಕಮ್ಮಿ 80 ಪರ್ಸೆಂಟ್ ಒಪ್ಪಂದದ ರೇಟಲ್ಲೇ ಹೋಗುತ್ತೆ, ಅದೂ ಮುಖ್ಯವಾಗಿ ಕರೆಂಟ್ ಕಂಪನಿಗಳಿಗೆ, ಆ ರೇಟನ್ನ ದೊಡ್ಡ ಮಟ್ಟಿಗೆ ಏರ್ಸಿದ್ದು 2018ರ ಜನವರಿಲೇ ಕೊನೆ. ಉಳಿದಿದ್ದಷ್ಟೇ ಇ-ಹರಾಜಿಗೆ, ಅಂದ್ರೆ ಆನ್‌ಲೈನಲ್ಲಿ ಕೂಗಿದ ರೇಟಿಗೆ. ಡೀಸೆಲ್ ಖರ್ಚು ಬೇರೆ, ಹೋದ ಜುಲೈಯಿಂದ ಕಾರ್ಮಿಕರ ಹೊಸ ಸಂಬಳದ ಒಪ್ಪಂದನೂ ಬಾಕಿ.

ರಾಯಚೂರು ಬಿಸ್ಲು: ಮೇಷ್ಟ್ರೇ ಇನ್ನೊಂದು ಬಿಟ್ರಿ. ಹೋದ ಅಕ್ಟೋಬರಲ್ಲಿ ನಮ್ಮ ಶಕ್ತಿನಗರದ ಕರೆಂಟ್ ಪ್ಲಾಂಟು ಆರ್‌ಟಿಪಿಎಸ್‌ನಲ್ಲಿ ಕಲ್ಲಿದ್ದಲಿಲ್ದೆ ಯೂನಿಟ್‌ಗಳು ನಿಂತಿದ್ವು, ದೇಶದ ತುಂಬಾ ಅದೇ ಕಥೆ, ಆಗ ಕೋಲ್ ಇಂಡಿಯಾ ಏನ್ ಮಾಡ್ತು ಗೊತ್ತಾ, ಬೇರೆಯವ್ರಿಗೆ ಹರಾಜು ನಿಲ್ಸಿ ಇದ್ದಬದ್ದ ಮಾಲೆಲ್ಲಾ ಕರೆಂಟ್ ಪ್ಲಾಂಟಿಗೆ ತಿರುಗಿಸ್ತು. ಅಂದ್ರೆ ರೇಟು ಏರಿದಾಗ್ಲೇ ಏರಿದ ರೇಟಿಗೆ ಮಾರೋ ಬಾಗಿಲು ಮುಚ್ಚುತ್ತೆ! ಮೂರಲ್ಲಿ ಎರಡು ಪಾಲು ಸರ್ಕಾರದ್ದೇ ಇರುವಾಗ ಇನ್ನೇನು, ಅವ್ರಿಗೆ ನಿನ್ನ ಲಾಭ ಮುಖ್ಯನೋ ಮನೆಮನೆ ಕರೆಂಟ್ ಬಿಲ್ಲೋ? ಹಂಗ್ ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ, ಆದ್ರೆ ಶೇರು ತಗೊಳ್ಳೋನಿಗೆ ಇದು ಗೊತ್ತಿರ್ಬೇಕು.

ಡಿವಿಡೆಂಡ್ ಭಟ್ರು: ಎಲ್ಲಾ ಸರಿ, ಆದ್ರೆ ನಾನು 2020ರಲ್ಲಿ ಎಲ್ಲರೂ ಇದಕ್ಕೆ ಎಳ್ಳುನೀರು ಬಿಟ್ಟಾಗ 120ಕ್ಕೆ ತಗೊಂಡೋನು. ಈ ವರ್ಷ ಇಲ್ಲಿತನಕ 9 ಮತ್ತೆ 5, ಶೇರಿಗೆ ಒಟ್ಟು 14 ರೂಪಾಯಿ ಡಿವಿಡೆಂಡ್, ಅಂದ್ರೆ ಲಾಭದ ಪಾಲು, ಬಂತು. ಯಾವ ಬ್ಯಾಂಕ್ ಕೊಡುತ್ತೆ ಸ್ವಾಮಿ? 190ಕ್ಕೆ ತಗೊಂಡ್ರೂ ಶೇಕಡಾ 7ರ ಮೇಲೆ ಬಿತ್ತು.

ಐಪಿಒ ಅನಾಥ: ಭಟ್ರೇ, ನಾನು 2010ರ ಐಪಿಒದಲ್ಲಿ, ಅಂದ್ರೆ ಕಂಪನಿ ಮೊದಲ ಸಲ ಜನರಿಗೆ ಶೇರು ಮಾರಿದಾಗ, 245ಕ್ಕೆ ತಗೊಂಡೋನು. ಆಗ್ಲೂ ಇದೇ ಮಾತು, ‘ನವರತ್ನ ಪಟ್ಟದ ಸರ್ಕಾರಿ ಕಂಪನಿ, ಕಣ್ಮುಚ್ಚಿ ಹಾಕು’. ಹನ್ನೊಂದು ವರ್ಷ ಆಯ್ತು, ಕಣ್ಣು ಬಿಟ್ರೆ ಭಯ.

ಡಿವಿಡೆಂಡ್ ಭಟ್ರು: 2014ರಲ್ಲಿ ಒಂದೇ ಸಲ 29 ರೂಪಾಯಿ ಬಂದಿದ್ದು ಮರ್ತ್ರಾ? ಅದನ್ನೆಲ್ಲ ಕೂಡ್ಸಿ ನೋಡಿ ಆಮೇಲೆ ಅಳಿ 😄

ಹೊಸಪೇಟೆ ಹುಡುಗ: ನಂಗೆ ಪರ್ಸೆಂಟ್ ಲೆಕ್ಕ ಅಷ್ಟು ಬರಲ್ಲ ಆದ್ರೆ ಬೂಮ್ ಅಂದ್ರೆ ಏನು ಅಂತ ಕಣ್ಣಾರೆ ನೋಡೀನಿ. ಚೀನಾದವ್ರು ಅದಿರು ಬಾಚ್ಕೊಂಡು ಹೋಗ್ತಿದ್ದ ಟೈಮು, ನಮ್ ಮಾವ ಸಂಡೂರು ಕಡೆ ಹೊಲ ಮಾಡ್ಕೊಂಡಿದ್ದೋನು ಬೇಸಾಯ ಬಿಟ್ಟು ಲೋನ್ ಮೇಲೆ ಎರಡು ಲಾರಿ ಇಳಿಸ್ದ, ಮೊದ್ಲನೇ ಲಾರಿ ದುಡ್ಡು ನೋಡಿ ಎರಡನೇದು. 2011ರ ಜುಲೈಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಸಿತು ನೋಡು, ಲಾರಿ ರೋಡ್ ಪಕ್ಕ ತುಕ್ಕು ಹಿಡೀತು, ಫೈನಾನ್ಸ್‌ನೋರು ಬಂದು ಎಳ್ಕೊಂಡು ಹೋದ್ರು. ಹೊಲ ಕೆಂಪು ಧೂಳು ಹೊದ್ಕೊಂಡು ಕೂತಿತ್ತು.

ಶಿರಾ ಶೇರುದಾರ: ಅದು ಅಕ್ರಮ ಗಣಿ ಕೇಸು ಅಣ್ಣ, ಇದು ಸರ್ಕಾರಿ ಕಂಪನಿ. ಎರಡನ್ನೂ ಯಾಕೆ ತಳುಕು ಹಾಕ್ತೀರಾ?

ಲೆಕ್ಕದ ಮೇಷ್ಟ್ರು: ಕಾರಣ ಬೇರೆ ಬೇರೆ, ಸಾಲದ ಕಥೆ ಒಂದೇ. ಅಮೆರಿಕದ ಕಲ್ಲಿದ್ದಲು ಕಂಪನಿ ಪೀಬಾಡಿ ನೋಡು, 2011ರ ಬೂಮ್‌ನಲ್ಲಿ ಆಸ್ಟ್ರೇಲಿಯಾದ ಮೆಕಾರ್ಥರ್ ಕೋಲ್ ಕೊಳ್ಳೋಕೆ ಸಾಲ ತಂದು ಸುರೀತು, ರೇಟು ಬಿತ್ತು, 2016ರ ಏಪ್ರಿಲಲ್ಲಿ ದಿವಾಳಿ. ಹಳೇ ಶೇರುದಾರರಿಗೆ ಸೊನ್ನೆ. ಕೋಲ್ ಇಂಡಿಯಾಗೆ ಆ ಥರ ಸಾಲ ಇಲ್ಲ, ಅದೊಂದು ಒಳ್ಳೇದು. ಆದ್ರೆ ನಿನ್ನ ಎಫ್‌ಡಿ ಎಮರ್ಜೆನ್ಸಿ ದುಡ್ಡಾ ಹೆಚ್ಚುವರಿ ದುಡ್ಡಾ, ಅದನ್ನ ಹೇಳು ಮೊದ್ಲು.

ಶಿರಾ ಶೇರುದಾರ: ಮಗಳ ಕಾಲೇಜಿಗೆ ಇಟ್ಟಿದ್ದು... ಇನ್ನೂ ಮೂರು ವರ್ಷ ಇದೆ. ಜಾಯಿಂಟ್ ಅಕೌಂಟು, ಮನೆಯವ್ಳ ಸೈನ್ ಬೇಕು. ಇದನ್ನೆಲ್ಲ ಅವ್ಳಿಗೆ ತೋರಿಸ್ಲಾ ಬೇಡ್ವಾ?

ಡಿವಿಡೆಂಡ್ ಭಟ್ರು: ಲಾರಿ ಕಾಮೆಂಟ್ ಡಿಲೀಟ್ ಮಾಡ್ಸಿ ತೋರ್ಸು.