ಸಹಾಯ ಬೇಕು: ಸವಳು ಯಾವುದು, ಕೂಳೆ ಯಾವುದು?

ಎಲ್ಲರಿಗೂ ನಮಸ್ಕಾರ. ಸಿಂಧನೂರು ಕಡೆ, ತುಂಗಭದ್ರಾ ಎಡದಂಡೆ ಕಾಲುವೆ ಕೆಳಗಿನ ಸವಳು ಭೂಮಿಯ ನಕ್ಷೆ ಮಾಡುತ್ತಿದ್ದೇನೆ. ಹೊಲ ಖಾಲಿ ಇರುತ್ತೆ ಅಂತ ಸೆಂಟಿನೆಲ್-2 ಉಪಗ್ರಹದ ಮೇ ತಿಂಗಳ ಚಿತ್ರ ತೆಗೆದುಕೊಂಡೆ, ಎನ್‌ಡಿವಿಐ ಅನ್ನೋ ಹಸಿರು ಅಳೆಯುವ ಸೂಚ್ಯಂಕ ಹಾಕಿ ಹಸಿರು ಇರುವುದನ್ನೆಲ್ಲ ಬಿಟ್ಟೆ. ಆದರೂ ಉಪ್ಪು ಮೇಲೆದ್ದ ಜಾಗ, ಭತ್ತ ಕೊಯ್ದು ಉಳಿದ ಒಣ ಕೂಳೆ ಎರಡೂ ಒಂದೇ ಥರ ಬೆಳ್ಳಗೆ ಕಾಣುತ್ತಿವೆ. ನಕ್ಷೆಯಲ್ಲಿ ಸವಳು ಅಂತ ಬಂದ ಒಂದು ಗದ್ದೆಗೆ ಹೋಗಿ ನೋಡಿದೆ. ಬರೀ ಹುಲ್ಲು, ಕಾಲಲ್ಲಿ ಸರಿಸಿದರೆ ಕೆಳಗೆ ಒಳ್ಳೆ ಕಪ್ಪು ಮಣ್ಣು! ಅದನ್ನು ಕೆಟ್ಟ ಭೂಮಿ ಅಂತ ಬರೆದರೆ ಆ ರೈತರಿಗೆ ಅನ್ಯಾಯ ಅಲ್ವಾ? ಒಣ ಹುಲ್ಲಿನ ಸೆಲ್ಯುಲೋಸ್ 2.1 ಮೈಕ್ರಾನ್ ಹತ್ತಿರ ಬೆಳಕು ಹೀರುತ್ತೆ. ಹಾಗಾದರೆ ಅದೇ ಉಪಗ್ರಹದ ಬ್ಯಾಂಡ್ 11, 12ರ (ಸುಮಾರು 1.6 ಮತ್ತು 2.2 ಮೈಕ್ರಾನ್ ಬೆಳಕು ಅಳೆಯುವವು) ಅನುಪಾತದಿಂದ ಇವೆರಡನ್ನೂ ಬೇರೆ ಮಾಡಬಹುದಾ, ಇಲ್ಲ ಬೇರೆ ತಿಂಗಳ ಚಿತ್ರವೇ ಬೇಕಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.