ಅಪ್‌ಡೇಟ್: ಲೋವರಿಂಗ್ ಸ್ಪ್ರಿಂಗ್ ಹಾಕಿದ್ದಾಯ್ತು, ಶಾಕ್ ಹಳೆಯವೇ

ಕಾರಿನ ಜೊತೆ ಬಂದ ಕಂಪನಿ ಶಾಕ್ ಅಬ್ಸಾರ್ಬರ್ (ಸ್ಪ್ರಿಂಗ್ ಕುಣಿಯುವುದನ್ನು ತಡೆಯುವ ಭಾಗ) ಉಳಿಸಿಕೊಂಡು ಬರೀ ಲೋವರಿಂಗ್ ಸ್ಪ್ರಿಂಗ್ (ಗಾಡಿಯ ಎತ್ತರ ಇಳಿಸುವ ಸ್ಪ್ರಿಂಗ್) ಹಾಕಬಹುದಾ ಅಂತ ಇಲ್ಲಿ ಕೇಳಿದ್ದೆ. ಹಾಕಿಸಿದೆ. 30 ಮಿ.ಮೀ. ಇಳಿಸುವ ಸೆಟ್.

ನೋಡೋಕೆ ಸಖತ್ತಾಗಿದೆ. ತಿರುವಿನಲ್ಲಿ ಗಾಡಿ ವಾಲುವುದೂ ಕಡಿಮೆಯಾಗಿದೆ. ಆದರೆ ಹಳೆ ಶಾಕ್‌ಗೆ ಈ ಸ್ಪ್ರಿಂಗ್ ಹಿಡಿದಿಡೋಕೆ ಆಗಲ್ಲ ಅಂತ ನೀವು ಎಚ್ಚರಿಸಿದ್ದು ನಿಜ. ನುಣುಪಾದ ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ, ಹಂಪ್ ದಾಟಿದ ಮೇಲೆ ಹಿಂಭಾಗ ಇನ್ನೊಂದು ಸಲ ಕುಣಿಯುತ್ತದೆ. ಸ್ಪ್ರಿಂಗ್ ಗಡುಸು. ಅದು ವಾಪಸ್ ಚಿಮ್ಮುವುದನ್ನು ಹಿಡಿದಿಡುವಷ್ಟು ಬಿಗಿ ಈ ಶಾಕ್‌ಗಿಲ್ಲ. ಶಾಕ್‌ನ ರಾಡ್ ಮೊದಲಿಗಿಂತ ಒಳಗೆ ಕೂತಿರುವುದರಿಂದ ಬಂಪ್ ಸ್ಟಾಪ್ (ಶಾಕ್ ಪೂರ್ತಿ ಒತ್ತಿದಾಗ ತಗಲುವ ತಡೆ) ಕೂಡ ಹತ್ತಿರವಾಗಿದೆ. ಗಾಡಿ ತುಂಬಾ ಜನ ಇದ್ದರೆ ದೊಡ್ಡ ಗುಂಡಿಗೆ ಧಡ್ ಅನ್ನುತ್ತದೆ.

ಮಾಡಿಸುವವರಿಗೆ ಒಂದು ಮಾತು. ಆರ್ಮ್ ಬುಷ್‌ನ (ಚಕ್ರವನ್ನು ಗಾಡಿಗೆ ಜೋಡಿಸುವ ತೋಳಿನ ಕೀಲಲ್ಲಿರುವ ರಬ್ಬರ್) ಬೋಲ್ಟ್‌ಗಳನ್ನು ಗಾಡಿ ನೆಲದ ಮೇಲೆ ನಿಂತಾಗಲೇ ಕೊನೆಯದಾಗಿ ಬಿಗಿಸಿ. ಚಕ್ರ ನೇತಾಡುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಜಾಕ್ ಮೇಲಿದ್ದಾಗ ಸ್ಪ್ರಿಂಗ್ ಸಡಿಲವಾಗಿ ತಾನು ಕೂರುವ ಜಾಗದಿಂದ ಜಾರುತ್ತದಾ ಅಂತಲೂ ನೋಡಿಸಿ, ಇದು ಸುಮ್ನೆ ಬಿಡುವ ವಿಷಯ ಅಲ್ಲ. ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಬೇಕೇ ಬೇಕು; ನನ್ನದರಲ್ಲಿ ಟೋ, ಅಂದರೆ ಚಕ್ರಗಳ ಮುಂಭಾಗ ಒಳಗೆ ಅಥವಾ ಹೊರಗೆ ತಿರುಗಿರುವ ಪ್ರಮಾಣ, ಬದಲಾಗಿತ್ತು.

ಶಾಕ್‌ಗಳಿಂದ ಸದ್ಯಕ್ಕೆ ಎಣ್ಣೆ ಸೋರಿಲ್ಲ. ಸೋರಿದರೆ ಈ ಸ್ಪ್ರಿಂಗ್‌ಗೆ ಹೊಂದುವ, ಉದ್ದ ಕಡಿಮೆ ಇರುವ ಸ್ಪೋರ್ಟ್ಸ್ ಶಾಕ್ ಹಾಕಿಸುತ್ತೇನೆ.